ತೂಕವಿಲ್ಲದ ರಕ್ತ – ಕಂತು ಒಂಬತ್ತು: ಮೂರನೆಯ ಟ್ಯೂಬ್

“ಇದು ಅವನ ಎದೆ ಕಣಮ್ಮ. ಹದಿಮೂರನೇ ವಯಸ್ಸಿಂದು.”

ಮುನಿತಾಯಮ್ಮ ಎಕ್ಸ್‌ರೇ ಫಿಲ್ಮನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿದಳು. ಊದುಬತ್ತಿ ಹೊಸೆದು ಹೊಸೆದು ಕಪ್ಪಾಗಿದ್ದ ಬೆರಳುಗಳ ನಡುವೆ ಸಣ್ಣ ಪಕ್ಕೆಲುಬುಗಳು ಬೆಳ್ಳಗೆ ಮೂಡಿದವು. ಒಂದು ಬದಿಯಲ್ಲಿ, ಹೆಗಲಿನ ಮೂಳೆಯ ಕೆಳಗೆ, ಯಾರೋ ಸುಣ್ಣ ಎರಚಿದ ಹಾಗೆ ಒಂದು ಕಲೆ.

ಸಬ್ ಇನ್ಸ್‌ಪೆಕ್ಟರ್ ವರಲಕ್ಷ್ಮಿ ಆ ಕಲೆಯನ್ನೇ ನೋಡಿದಳು. “ಇದನ್ನ ಇಷ್ಟು ವರ್ಷ ಯಾಕಮ್ಮ ಇಟ್ಕೊಂಡಿದ್ರಿ?”

“ಗ್ರಹಣ ನೋಡಕ್ಕೆ. ಗ್ರಹಣ ಬಂದ್ರೆ ಬೀದಿಯೋರೆಲ್ಲ ನಮ್ಮನೆ ಮುಂದೇನೇ. ನನ್ ಮಗನ ಎದೇಲಿ ಸೂರ್ಯನ್ನ ನೋಡೋರು.” ಮುನಿತಾಯಮ್ಮ ಫಿಲ್ಮನ್ನು ಇಳಿಸಿದಳು. “ಟಿಬಿ ಆಗಿತ್ತು. ಆರು ತಿಂಗಳು ಮಾತ್ರೆ ನುಂಗಿಸಿದೆ. ವಾಸಿ ಆಯ್ತು. ಆಮೇಲೆ ಒಂದು ದಿನ ಕೆಮ್ಮಿದ್ದು ಕಾಣೆ.”

ಅವಳ ಮಗ ಸುಬ್ರಮಣಿ ರಾಜಾಜಿನಗರದ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೊಂದು ದಿನ ನೀರಿನ ತೊಟ್ಟಿಯಲ್ಲಿ ತೇಲುತ್ತ ಮಲಗಿ, ಹೊರಗೆ ಬಂದ ಮೂವತ್ತನೆಯ ದಿನ ಸತ್ತಿದ್ದ. ಠಾಣೆಯ ಕಡತ ಅದನ್ನು ಸಹಜ ಸಾವು ಎಂದು ಕರೆದಿತ್ತು.

ಸಹಜ ಸಾವು. ಇಪ್ಪತ್ತೊಂಬತ್ತು ವರ್ಷದ, ಕಬ್ಬಿಣ ಕಡೆಯುವ ಲೇತ್ ಮೆಷಿನ್ ಮುಂದೆ ದಿನವಿಡೀ ನಿಲ್ಲುತ್ತಿದ್ದ ಗಟ್ಟಿ ಆಳು. ಎರಡೂ ಶ್ವಾಸಕೋಶಗಳಲ್ಲಿ ರಾಗಿ ಚೆಲ್ಲಿದ ಹಾಗೆ ಟಿಬಿ ತುಂಬಿಕೊಂಡು ಸತ್ತಿದ್ದ.

“ಟಿಬಿ ಆಗಿತ್ತು ಅಂತ ಲ್ಯಾಬ್‌ನೋರಿಗೆ ಹೇಳಿದ್ನಾ?”

“ಫಾರಮ್ಮಲ್ಲಿ ಬರ್ಸಿದಾನೆ. ನಾನೇ ಪಕ್ಕದಲ್ಲಿ ಕೂತಿದ್ದೆ. ‘ಅದು ಹಳೇದು, ಏನೂ ಪರ್ವಾಗಿಲ್ಲ’ ಅಂದ್ರು.”

ವರಲಕ್ಷ್ಮಿಯ ಕೈಚೀಲದಲ್ಲಿದ್ದ ಕಡತದಲ್ಲಿ ಅಂಥ ಪುಟವೇ ಇರಲಿಲ್ಲ. ಇದ್ದದ್ದು ಟಿಬಿ ಸೋಂಕು ಇಲ್ಲ ಎನ್ನುವ ರಕ್ತಪರೀಕ್ಷೆಯ ಒಂದು ವರದಿ.

“ಯಾಕೆ ಒಪ್ಕೊಂಡ ಅವನು?”

ಮುನಿತಾಯಮ್ಮ ಊದುಬತ್ತಿ ಹಿಟ್ಟಿನ ಮುದ್ದೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಕೈ ತಾನಾಗಿ ಕಡ್ಡಿ ಹೊಸೆಯತೊಡಗಿತು. “ಅವನ ಕಾರ್ಖಾನೇಲಿ ರಾಕೆಟ್ಟಿಗೆ ನಟ್ಟು ಕಡೀತಿದ್ರಂತೆ. ಬೆರಳಷ್ಟು ನಟ್ಟು. ‘ಆಕಾಶಕ್ಕೆ ಹೋಗೋರ ಮೈ ಅಲ್ಲಿ ಏನಾಗುತ್ತೆ ಅಂತ ನನ್ ಮೈ ನೋಡಿ ತಿಳ್ಕೋತಾರಮ್ಮ’ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ.”

ಕಡ್ಡಿಯಿಂದ ತಲೆ ಎತ್ತದೆಯೇ ಕೇಳಿದಳು. “ನೀನು ಇದನ್ನೆಲ್ಲ ಹುಡುಕಿ ಏನಮ್ಮ ಮಾಡ್ತೀಯ? ಬರ್ತಾನಾ?”

ವರಲಕ್ಷ್ಮಿ ಕೈಚೀಲ ಹೆಗಲಿಗೇರಿಸಿ ಎದ್ದಳು. ಇದೇ ಕಾಮಾಕ್ಷಿಪಾಳ್ಯದ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು ಅವಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಮನೆಯ ಹೊಸಿಲಲ್ಲಿ ಕೇಳಿಸಿಕೊಂಡಿದ್ದಳೋ ಲೆಕ್ಕವಿಲ್ಲ. ಒಂದು ಸಲವೂ ಉತ್ತರ ಕೊಟ್ಟಿರಲಿಲ್ಲ.

ಹೊರಗೆ ಜೀಪಿನ ಪಕ್ಕ ಹೆಡ್ ಕಾನ್‌ಸ್ಟೇಬಲ್ ಚನ್ನಮಲ್ಲಪ್ಪ ಮೊಬೈಲು ಹಿಡಿದು ನಿಂತಿದ್ದ. “ಇನ್ಸ್‌ಪೆಕ್ಟರ್ ಸಾಹೇಬ್ರು ಮತ್ತ ಫೋನ್ ಮಾಡಿದ್ರು ಮೇಡಂ. ಸಂಜಿ ಐದಕ್ಕ ಫೈಲ್ ಕ್ಲೋಸ್ ಮಾಡಿ ಟೇಬಲ್ ಮ್ಯಾಲೆ ಇಡಬೇಕಂತ.”

ಗಂಟೆ ಹನ್ನೊಂದಾಗಿತ್ತು.

*

ಆಸ್ಪತ್ರೆಯ ಟಿಬಿ ವಾರ್ಡಿನ ಕಿಟಕಿಯ ಆಚೆ ರೇವಂತ್ ಮಲಗಿದ್ದ. ತೊಟ್ಟಿಯಲ್ಲಿ ಮಲಗಿದ್ದ ನಾಲ್ವರಲ್ಲಿ ಅವನೂ ಒಬ್ಬ. ದೀಪಾಂಜಲಿ ನಗರದವನು, ವ್ಯಾಯಾಮದ ಮೇಷ್ಟ್ರು. ಅವನಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಸುಬ್ರಮಣಿಯ ಪಕ್ಕದ ತೊಟ್ಟಿ ಅವನದು. ಮೂರು ವಾರ ಇಬ್ಬರೂ ಒಂದೇ ಗಾಳಿ ಉಸಿರಾಡಿದ್ದರು.

ಮಾಸ್ಕ್ ಕಟ್ಟಿಕೊಂಡು ವರಲಕ್ಷ್ಮಿ ಹಾಸಿಗೆಯ ಹತ್ತಿರ ನಿಂತಳು. ಆಕ್ಸಿಜನ್ ನಳಿಕೆಯ ಹಿಂದೆ ಅವನ ಕಣ್ಣುಗಳು ಮಾತ್ರ ದೊಡ್ಡವಾಗಿದ್ದವು.

“ಮೇಡಂ, ಮೊದಲ್ನೇ ದಿನ ಎಷ್ಟು ಚೆನ್ನಾಗಿತ್ತು ಗೊತ್ತಾ? ನೀರು ಬೆಚ್ಚಗೆ. ಮೇಲೆ ರಬ್ಬರ್ ಬಟ್ಟೆ, ಅದರ ಮೇಲೆ ನಾವು. ನೆಲ ಇಲ್ಲ, ಮಂಚ ಇಲ್ಲ. ಮೈಗೆ ತೂಕಾನೇ ಇಲ್ಲ.” ಉಸಿರು ಹಿಡಿಯಲು ನಿಲ್ಲಿಸಿದ. “ಈಗ್ಲೂ ಹಂಗೇ ಅನ್ಸ್ತಿದೆ.”

“ಸುಬ್ರಮಣಿ ಅಲ್ಲಿ ಕೆಮ್ತಿದ್ನಾ?”

“ಹತ್ತನೇ ದಿನದಿಂದ. ಡಾಕ್ಟ್ರು ಬಂದು ನೋಡಿದ್ರು. ಬರ್ಕೊಂಡ್ರು. ಹೋದ್ರು.”

ಬರೆದುಕೊಂಡರು. ಆದರೆ ಹೊರಗೆ ತೆಗೆಯಲಿಲ್ಲ.

ಕಾರಿಡಾರಿನಲ್ಲಿ ಡಾಕ್ಟರ್ ಉಮಾಶ್ರೀ ಕಾಯುತ್ತಿದ್ದಳು. ವರಲಕ್ಷ್ಮಿಯ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ಈಗ ಅದೇ ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದ ಮುಖ್ಯಸ್ಥೆ. ಒಳಗೆ ಹೋಗುವ ಮೊದಲು ವರಲಕ್ಷ್ಮಿ ಕಡತದಿಂದ ತೆಗೆದು ಕೊಟ್ಟಿದ್ದ ಸುಬ್ರಮಣಿಯ ವರದಿ ಅವಳ ಕೈಯಲ್ಲಿತ್ತು.

“ಇವನು ಉಳೀತಾನಾ?” ವರಲಕ್ಷ್ಮಿ ಕೇಳಿದಳು.

ಉಮಾಶ್ರೀ ಕಿಟಕಿಯ ಕಡೆ ನೋಡಲಿಲ್ಲ. “ಔಷಧಿ ಕೊಡ್ತಿದೀವಿ ಕಣೇ. ಆದ್ರೆ ಔಷಧಿ ಒಂದೇ ಏನೂ ಮಾಡಲ್ಲ, ಒಳಗಿರೋ ಸೈನ್ಯಾನೂ ಎದ್ದು ನಿಲ್ಬೇಕು. ಟಿ ಸೆಲ್ ಅಂತ ಬಿಳಿ ಕಣ ಇವೆಯಲ್ಲ, ಅವು ಒಂದು ಸಲ ನೋಡಿದ ರೋಗಾನ ಮರೆಯಲ್ಲ. ಮೈಗೆ ತೂಕ ಇಲ್ಲ ಅನ್ನಿಸಿದಾಗ ಅವು ತಮ್ಮ ಕಸುಬನ್ನೇ ಮರೀತಾವೆ. ಕಲಿತದ್ದೆಲ್ಲ ಅಳಿಸ್ಕೊಂಡು, ಈಗ ತಾನೇ ಹುಟ್ಟಿದ ಮಗು ಥರ ಆಗ್ತವೆ.”

“ಹೊರಗೆ ಬಂದ್ಮೇಲೆ ಸರಿ ಹೋಗಲ್ವಾ?”

“ಹೋಗ್ಬೇಕು. ಇವರದ್ದು ಹೋಗ್ತಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ.” ಅವಳು ವರದಿಯನ್ನು ತಿರುಗಿಸಿ ಎರಡನೆಯ ಪುಟ ತೋರಿಸಿದಳು. “ಅದು ಬಿಡು, ಇದು ನೋಡು. ಮೊದಲ್ನೇ ಪುಟ ಅವರ ಆಫೀಸಲ್ಲಿ ಟೈಪ್ ಮಾಡಿದ್ದು. ಟಿಬಿ ಇಲ್ಲ ಅಂತ ಬರೆದಿದಾರೆ. ಎರಡನೇದು ರಕ್ತ ಪರೀಕ್ಷೆ ಮಾಡಿದ ಹೊರಗಿನ ಲ್ಯಾಬಿನ ಮೆಷಿನ್ ಪ್ರಿಂಟು. ಇದನ್ನ ಯಾರೂ ಓದಲ್ಲ ಅಂದ್ಕೊಂಡು ಹಂಗೇ ಪಿನ್ ಮಾಡಿದಾರೆ.”

ಮೂರು ಸಾಲು, ಮೂರು ಅಂಕಿ.

“ಈ ಟೆಸ್ಟಿಗೆ ರಕ್ತಾನ ಮೂರು ಟ್ಯೂಬಿಗೆ ಹಾಕ್ತೀವಿ. ಒಂದಕ್ಕೆ ಏನೂ ಹಾಕಲ್ಲ. ಎರಡನೇದಕ್ಕೆ ಟಿಬಿ ಕ್ರಿಮಿಯ ಚೂರು. ಹಳೇ ಪರಿಚಯ ಇದ್ರೆ ಕಣಗಳು ಕೂಗಿಡ್ತವೆ. ಇಲ್ಲಿ ಕೂಗಿಲ್ಲ, ಸರಿ. ಮೂರನೇದಕ್ಕೆ ಹಾಕೋದು ಬೆಂಕಿ ಇದ್ದ ಹಾಗೆ. ಆರೋಗ್ಯವಾಗಿರೋ ಯಾವ ಕಣ ಆದ್ರೂ ಚೀರ್ಲೇಬೇಕು.” ಉಮಾಶ್ರೀ ಕೊನೆಯ ಅಂಕಿಯ ಕೆಳಗೆ ಉಗುರಿನಿಂದ ಗೀರಿದಳು. “ಇದು ಚೀರಿಲ್ಲ. ನಿಟ್ಟುಸಿರೂ ಬಿಟ್ಟಿಲ್ಲ. ಹಾಳುಬಿದ್ದ ಮನೆ ಬಾಗಿಲು ತಟ್ಟಿ, ಯಾರೂ ಮಾತಾಡಲಿಲ್ಲ, ಆದ್ದರಿಂದ ಇಲ್ಲಿಗೆ ಕಳ್ಳ ಬಂದೇ ಇಲ್ಲ ಅಂತ ಬರೆದ ಹಾಗಿದೆ ಈ ರಿಪೋರ್ಟು.”

“ಅಂದ್ರೆ ಈ ರಕ್ತ...”

“ಏಡ್ಸ್ ಇರೋರದ್ದು ಹೀಗಿರ್ಬಹುದು. ಕಿಡ್ನಿ ಬದಲಾಯಿಸಿ ಔಷಧಿ ತಗೊಳ್ಳೋರದ್ದು ಇರ್ಬಹುದು. ಸುಬ್ರಮಣಿಗೆ ಅವೆರಡೂ ಇರ್ಲಿಲ್ಲ, ಪೋಸ್ಟ್ ಮಾರ್ಟಂ ಹೇಳುತ್ತೆ. ಉಳಿದದ್ದು ಒಂದೇ. ತುಂಬ ದಿನ ಆ ತೊಟ್ಟೀಲಿ ಮಲಗಿದ್ದೋರ ರಕ್ತ.”

ವರಲಕ್ಷ್ಮಿ ದಿನಾಂಕ ನೋಡಿದಳು. ಜನವರಿ ಮೂರು. ಸುಬ್ರಮಣಿ ತೊಟ್ಟಿಗೆ ಇಳಿದದ್ದು ಜನವರಿ ಹತ್ತು.

ವಿಷಯ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ತೊಟ್ಟಿಯಲ್ಲಿ ಮಲಗಿಸಿ ಎಷ್ಟೋ ದಿನ ಆದ ಮೇಲೆ ರಕ್ತ ತೆಗೆದಿದ್ದಾರೆ. ಮೊದಲೇ ತೆಗೆದದ್ದೆಂದು ಹಿಂದಿನ ತಾರೀಕು ಹಾಕಿದ್ದಾರೆ. ತಿಂಗಳ ಮೇಲೆ ಮೊದಲ ಸಲ ಅವಳ ಹೆಜ್ಜೆ ಚುರುಕಾಯಿತು.

*

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ಎರಡು ಗ್ಯಾರೇಜುಗಳ ನಡುವೆ, ಆ ಬಿಳಿ ಕಟ್ಟಡ ಹೆಸರೂ ಇಲ್ಲದೆ ನಿಂತಿತ್ತು. ಮಹಡಿಯ ಮೇಲಿನ ಕೋಣೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಗಿರಿರಾಜ್ ಎದ್ದು ನಿಂತು ನಮಸ್ಕರಿಸಿದರು. ಐವತ್ತರ ಆಸುಪಾಸು, ಹಣೆಯ ಮೇಲೆ ತೆಳು ವಿಭೂತಿ, ನಿದ್ದೆ ಕಂಡು ತಿಂಗಳಾದಂಥ ಕಣ್ಣು. ದಾವಣಗೆರೆ ಕಡೆಯವರು, ಬಸವೇಶ್ವರನಗರದಲ್ಲಿ ಮನೆ.

ವರಲಕ್ಷ್ಮಿ ಕೂರಲಿಲ್ಲ. ವರದಿಯ ಎರಡನೆಯ ಪುಟವನ್ನು ಮೇಜಿನ ಮೇಲೆ ಇಟ್ಟಳು.

“ಡಾಕ್ಟ್ರೇ, ಈ ಮೂರನೇ ಅಂಕಿ ಓದಿ.”

ಗಿರಿರಾಜ್ ಓದಿದರು. ಮುಖದಲ್ಲಿ ಏನೂ ಕದಲಲಿಲ್ಲ.

“ಇದು ತೊಟ್ಟೀಲಿ ಮಲಗಿದ್ದೋನ ರಕ್ತ. ಸುಬ್ರಮಣಿನ ಇಳಿಸಿದ ಮೇಲೆ ತೆಗ್ದಿದೀರ. ಅವನಿಗೆ ಟಿಬಿ ಆಗಿತ್ತು ಅಂತ ನಿಮಗೆ ಗೊತ್ತಿತ್ತು. ಫಾರಮ್ ಹರಿದು ಹಾಕಿ, ಈ ರಿಪೋರ್ಟಿಗೆ ಹಳೇ ತಾರೀಕು ಹಾಕಿದೀರ. ಹೌದೋ ಅಲ್ವೋ?”

“ಅಲ್ಲ.”

ಅವರು ಬೀರು ತೆಗೆದು ಒಂದು ಕಾಗದವನ್ನು ಹೊರಗೆಳೆದರು. ಹೊರಗಿನ ಲ್ಯಾಬಿನವರು ರಕ್ತ ಪಡೆದುಕೊಂಡಾಗ ಕೊಟ್ಟ ರಸೀದಿ. ಜನವರಿ ಮೂರು, ಬೆಳಿಗ್ಗೆ ಹನ್ನೊಂದು ನಲವತ್ತು. ಆ ಲ್ಯಾಬಿನದೇ ಸೀಲು, ಅಲ್ಲಿಯವರದೇ ಸಹಿ.

“ಬೇಕಾದ್ರೆ ಫೋನ್ ಮಾಡಿ ಕೇಳಿ,” ಅಂದರು ಗಿರಿರಾಜ್ ಮೆಲ್ಲಗೆ. “ಮೆಷಿನ್ ಪ್ರಿಂಟಿನ ಮೇಲೂ ಅದೇ ದಿನ ಇದೆ. ಆವತ್ತಿಗೆ ಸುಬ್ರಮಣಿ ತೊಟ್ಟಿಗೆ ಇಳಿಯೋಕೆ ಇನ್ನೂ ಒಂದು ವಾರ ಇತ್ತು.”

ಚನ್ನಮಲ್ಲಪ್ಪ ಬಾಗಿಲ ಹತ್ತಿರ ನಿಂತೇ ಆ ಲ್ಯಾಬಿಗೆ ಫೋನು ಮಾಡಿದ. ಎರಡು ನಿಮಿಷ ಮಾತಾಡಿದ. ಫೋನು ಜೇಬಿಗಿಟ್ಟು ತಲೆ ಅಲ್ಲಾಡಿಸಿದ. “ಖರೇ ಐತಿ ಮೇಡಂ. ಮೂರನೇ ತಾರೀಖೇ.”

ಬೆಳಗಿನಿಂದ ಕಟ್ಟಿದ್ದೆಲ್ಲ ಮಣ್ಣು ಕುಸಿದ ಹಾಗೆ ಕುಸಿಯಿತು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಐದಕ್ಕೆ ಕಡತ ಮುಚ್ಚಬೇಕು. 

ಅವಳು ಕಾಗದಗಳನ್ನು ಜೋಡಿಸಿಕೊಂಡು ಹೊರಗೆ ಬಂದಳು.

ಹೊರಗಿನ ಪಡಸಾಲೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ವಚನಾ ಬೆನ್ನು ತಿರುಗಿಸಿ ನಿಂತಿದ್ದಳು. ಇಪ್ಪತ್ನಾಲ್ಕರ ತೆಳ್ಳನೆಯ ಹುಡುಗಿ. ಆಟೋಕ್ಲೇವ್‌ನ ಮುಚ್ಚಳ ತೆರೆಯುತ್ತಿದ್ದಳು. ಸೂಜಿ ಕತ್ತರಿಗಳ ಕ್ರಿಮಿ ಸಾಯಿಸಲು ಆಸ್ಪತ್ರೆಗಳಲ್ಲಿ ಇಡುತ್ತಾರಲ್ಲ, ದೊಡ್ಡ ಪ್ರೆಶರ್ ಕುಕ್ಕರಿನಂಥದ್ದು. ಆವಿ ಭುಸ್ಸೆಂದು ಎದ್ದಿತು. ವಚನಾ ಇಕ್ಕಳದಲ್ಲಿ ಒಳಗಿನಿಂದ ಒಂದು ಸ್ಟೀಲ್ ಡಬ್ಬಿ ಎತ್ತಿದಳು.

ಡಬ್ಬಿಯಿಂದ ಸಾರಿನ ವಾಸನೆ ಬಂತು.

ವರಲಕ್ಷ್ಮಿ ನಿಂತುಬಿಟ್ಟಳು.

ಅನ್ನ ಸಾರನ್ನು ಯಾರು ಹಾಗೆ ಬೇಯಿಸುತ್ತಾರೆ? ಒಂದೇ ಒಂದು ಕ್ರಿಮಿಯೂ ಉಳಿಯದ ಹಾಗೆ ಮಾಡಿದ ಊಟ ಯಾರ ಹೊಟ್ಟೆಗೆ ಬೇಕು? ನಾಲ್ವರೂ ಜನವರಿ ಮೂವತ್ತೊಂದಕ್ಕೇ ಮನೆಗೆ ಹೋಗಿದ್ದರು. ಒಬ್ಬ ಮಣ್ಣಲ್ಲಿದ್ದ, ಒಬ್ಬ ಆಸ್ಪತ್ರೆಯಲ್ಲಿದ್ದ, ಇನ್ನಿಬ್ಬರು ಹೆದರಿ ಊರು ಸೇರಿದ್ದರು.

ತಾರೀಕು ನಿಜ. ಹಾಗಾದರೆ ಸುಳ್ಳಾಗಿರುವುದು ತಾರೀಕಲ್ಲ, ಹೆಸರು.

ಅವಳು ತಿರುಗಿ ಗಿರಿರಾಜ್‌ರ ಕೋಣೆಯ ಬಾಗಿಲಿಗೆ ಬಂದಳು. “ಡಾಕ್ಟ್ರೇ, ಜನವರಿ ಮೂರಕ್ಕೆ ನಿಮ್ಮ ತೊಟ್ಟೀಲಿ ಯಾರಿದ್ರು?”

“ಆವಾಗ ತೊಟ್ಟಿಗಳೇ ಬಂದಿರಲಿಲ್ಲ...”

“ವಚನಾ, ಆ ಡಬ್ಬಿ ಯಾರಿಗೆ?”

ಡಬ್ಬಿ ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು. ವಚನಾ ಅದನ್ನು ಎತ್ತಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. “ನನ್ ಕೈಲಿ ಆಗಲ್ಲ ಸಾರ್. ಇನ್ನು ಆಗಲ್ಲ. ಮೇಡಂ, ಅವರು ಇಲ್ಲೇ ಇದಾರೆ. ಡಿಸೆಂಬರ್‌ನಿಂದ ಇಲ್ಲೇ ಇದಾರೆ.”

ಗಿರಿರಾಜ್ ಕುರ್ಚಿಯಲ್ಲಿ ಕುಸಿದು ಕೂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆನಂದ್,” ಅಂದರು. “ನನ್ನ ತಮ್ಮ.”

*

ಕಟ್ಟಡದ ಹಿಂಬದಿಗೆ ಹೋಗುವ ಉದ್ದನೆಯ ಓಣಿಯಲ್ಲಿ ನಡೆಯುತ್ತ ಗಿರಿರಾಜ್ ಹೇಳಿದರು. ಈಗ ಅವರು ಏನನ್ನೂ ಬಚ್ಚಿಡುತ್ತಿರಲಿಲ್ಲ. ಬಚ್ಚಿಡುವ ಶಕ್ತಿಯೇ ಮುಗಿದಂತಿತ್ತು.

ಇಬ್ಬರೂ ವಿಜ್ಞಾನಿಗಳು. ಬೇರೆಯವರನ್ನು ಮಲಗಿಸುವ ಮೊದಲು ತಾನು ಮಲಗಬೇಕೆಂದು ಆನಂದ್ ಹಟ ಹಿಡಿದಿದ್ದ. ಡಿಸೆಂಬರ್ ಒಂದಕ್ಕೆ ಇಳಿದ. ಇಪ್ಪತ್ತೊಂದು ದಿನ ಮುಗಿದರೂ ಹೊರಗೆ ಬರಲು ಒಪ್ಪಲಿಲ್ಲ. ನಲವತ್ತು ದಿನ ಮಲಗಿದ. ಎತ್ತಿದ ಮರುದಿನವೇ ಜ್ವರ. ಮನೆಯವರ ಮೈಮೇಲೆಲ್ಲ ಇರುವ ಸಾಧಾರಣ ಕ್ರಿಮಿ, ನಮ್ಮನ್ನು ನಿಮ್ಮನ್ನು ಏನೂ ಮಾಡದ್ದು, ಅವನನ್ನು ಸಾವಿನ ಬಾಗಿಲಿಗೆ ಒಯ್ದಿತು. ಅಂದಿನಿಂದ ಗಾಳಿ ಸೋಸಿ ಬಿಡುವ ಮುಚ್ಚಿದ ಕೋಣೆಯಲ್ಲಿದ್ದಾನೆ.

“ಅವನ ಕಣಗಳು ಎಲ್ಲ ಮರೆತುಬಿಟ್ಟಿವೆ,” ಅಂದರು ಗಿರಿರಾಜ್. “ಹುಟ್ಟಿದಾಗಿನಿಂದ ಮೈ ಕಲಿತದ್ದೆಲ್ಲ. ವಾಪಸ್ ಬರ್ತಾ ಇಲ್ಲ.”

“ಅದಕ್ಕೆ ಅವನ ರಕ್ತಾನ ಸುಬ್ರಮಣಿ ಹೆಸರಲ್ಲಿ ಕಳಿಸಿದ್ರಿ.”

“ಸುಬ್ರಮಣಿ ರಕ್ತ ಕಳಿಸಿದ್ರೆ ಟಿಬಿ ಗುರುತು ಸಿಕ್ಕೇ ಸಿಗ್ತಿತ್ತು, ಅವನನ್ನ ಮಲಗಿಸೋಕೆ ಒಪ್ಪಿಗೆ ಸಿಗ್ತಿರಲಿಲ್ಲ. ಬೇರೆ ಯಾರದ್ದು ಕಳಿಸಿದ್ರೂ ಅವರಲ್ಲೂ ಸಿಗಬಹುದಿತ್ತು, ಈ ಊರಲ್ಲಿ ಎಷ್ಟು ಜನರ ಎದೇಲಿ ಅದು ಮಲಗಿದೆಯೋ. ಖಂಡಿತ ಸಿಗಲ್ಲ ಅನ್ನೋ ರಕ್ತ ಒಂದೇ ಇತ್ತು.”

“ಟಿಬಿ ಆಗಿದ್ದೋನೇ ಯಾಕೆ ಬೇಕಿತ್ತು ನಿಮಗೆ?”

ಗಿರಿರಾಜ್ ನಿಂತರು. ಓಣಿ ಮುಗಿದಿತ್ತು. ಎದುರಿಗೆ ದಪ್ಪನೆಯ ಬಿಳಿ ಬಾಗಿಲು, ಅದರಲ್ಲಿ ತಟ್ಟೆಯಗಲದ ಗಾಜು.

ವರಲಕ್ಷ್ಮಿ ಇಣುಕಿದಳು. ಚಿಕ್ಕ ಕೋಣೆ. ಮೂಲೆಯಲ್ಲಿ ಬರಿದಾದ ತೊಟ್ಟಿ. ಮಂಚದ ಮೇಲೆ ಒಬ್ಬ ಮನುಷ್ಯ ಕೂತಿದ್ದ. ನಲವತ್ತರ ವಯಸ್ಸಿರಬೇಕು, ಕಂಡದ್ದು ಅರವತ್ತರ ಹಾಗೆ. ಸುತ್ತ ಕಾಗದಗಳು, ಕಂಪ್ಯೂಟರು. ಗಾಜಿನಲ್ಲಿ ಖಾಕಿ ಕಂಡದ್ದೇ ಅವನು ಗೋಡೆ ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲಿಗೆ ಬಂದ.

ವರಲಕ್ಷ್ಮಿಯ ಕೈ ಹಿಡಿಕೆಯ ಮೇಲೆ ಬಿತ್ತು.

“ಬೇಡಿ!” ಗಿರಿರಾಜ್ ಅವಳ ಮುಂಗೈ ಹಿಡಿದರು. “ನೀವು ಬೆಳಿಗ್ಗೆ ಟಿಬಿ ವಾರ್ಡಲ್ಲಿದ್ರಿ. ಅದೂ ಬೇಡ, ನಿಮ್ಮ ಬರೀ ಉಸಿರು ಸಾಕು. ಕೈ ಮುಗೀತೀನಿ.”

ಗೋಡೆಯ ಸ್ಪೀಕರಿನಿಂದ ಒಣಗಿದ ದನಿ ಬಂತು.

“ಅಣ್ಣ, ಕೈ ಬಿಡು ಅವರದ್ದು. ಮೇಡಂ, ಇವನು ನಿಮಗೆ ಪೂರ್ತಿ ಹೇಳಿಲ್ಲ ಅನ್ಸುತ್ತೆ.”

“ಆನಂದ್, ಸುಮ್ನಿರು!”

“ಸುಬ್ರಮಣಿನ ಆರಿಸಿದ್ದು ನಾನು.” ಗಾಜಿನ ಆಚೆಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. “ಹಳೇ ರೋಗದ ಗಟ್ಟಿ ನೆನಪಿರೋ ಮೈ ಬೇಕಿತ್ತು. ಆ ನೆನಪು ಅಳಿಸುತ್ತಾ, ಅಳಿಸಿದ್ದು ತಿರುಗಿ ಬರುತ್ತಾ, ನೋಡ್ಬೇಕಿತ್ತು. ನನ್ನ ಕಣ ಮರೆತಿರೋದು ತೊಟ್ಟೀಲಿದ್ದಾಗ್ಲೇ ಗೊತ್ತಾಗಿತ್ತು, ಅವನಿಗೆ ತಿರುಗಿ ಬಂದ್ರೆ ನನಗೂ ದಾರಿ ಸಿಗ್ತಿತ್ತು. ಅವನ ಫಾರಮ್ ಓದಿದ ದಿನ ನಾನು ಎಷ್ಟು ಖುಷಿಪಟ್ಟೆ ಗೊತ್ತಾ? ರಕ್ತ ಬದಲಾಯಿಸೋಕೆ ಹೇಳಿದ್ದೂ ನಾನೇ. ಅಣ್ಣಂದು ಬರೀ ಕೈ ಮಾತ್ರ.”

“ಹತ್ತನೇ ದಿನ ಕೆಮ್ಮಿದಾಗ?”

“ಬೇಡ, ಇನ್ನೂ ಸ್ವಲ್ಪ ದಿನ ಇರ್ಲಿ ಅಂದೆ.” ಆನಂದ್ ಹಣೆಯನ್ನು ಗಾಜಿಗೆ ಒರಗಿಸಿದ. “ಅವನಿಗೆ ತಿರುಗಿ ಬರ್ಲಿಲ್ಲ. ನನಗೂ ಬರಲ್ಲ. ಅಷ್ಟೇ ತಿಳಿದದ್ದು.”

ವರಲಕ್ಷ್ಮಿ ಹಿಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ತಪ್ಪೊಪ್ಪಿಕೊಂಡ ಅಪರಾಧಿ ಒಂದು ಗೇಣಿನ ಆಚೆ ನಿಂತಿದ್ದಾನೆ. ಕೈಕೋಳ ಹಾಕಿ ಹೊರಗೆ ತಂದರೆ ಜೀಪು ಠಾಣೆ ಸೇರುವುದರೊಳಗೆ ಅವನ ಸಾವು ಶುರುವಾಗಿರುತ್ತದೆ. ನ್ಯಾಯಾಲಯ ನೋಡುವ ಹೊತ್ತಿಗೆ ಹೆಣ. ಒಳಗೇ ಬಿಟ್ಟರೆ ಊಟ, ಗಾಳಿ, ಅಣ್ಣನ ಆರೈಕೆ. ಮುನಿತಾಯಮ್ಮನ ಮಗನಿಗೆ ಸಿಗದ್ದೆಲ್ಲ ಇವನಿಗೆ.

ಬೆನ್ನ ಹಿಂದೆ ಚನ್ನಮಲ್ಲಪ್ಪನ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟುಕೊಂಡು ಕೇಳಿ ಇಳಿಸಿದ.

“ಆಸ್ಪತ್ರಿಯಿಂದ ಮೇಡಂ. ರೇವಂತ್ ಹೋದನಂತ. ಹತ್ತು ನಿಮಿಷ ಆತಂತ.”

ಓಣಿಯ ಆ ತುದಿಯಲ್ಲಿ ವಚನಾ ಮತ್ತೆ ಬಿಕ್ಕಿದಳು. ಮಾತು ಒಳಗೂ ಕೇಳಿಸಿರಬೇಕು. ಆನಂದ್ ಗಾಜಿನಿಂದ ಹಣೆ ತೆಗೆದ.

“ಮೇಡಂ, ನೀವು ಬಾಗಿಲು ತೆಗೆಯಲ್ಲ,” ಅಂದ. “ನಿಮಗೆ ನನ್ನ ಜೀವಂತ ಬೇಕು. ಕೋರ್ಟಲ್ಲಿ ನಿಲ್ಲಿಸ್ಬೇಕು, ಆ ತಾಯಿಗೆ ತೋರಿಸ್ಬೇಕು. ನನಗೆ ಅಷ್ಟು ದಿನ ಇಲ್ಲಿ ಕೂತಿರೋಕೆ ಆಗಲ್ಲ.”

ಒಳಬದಿಯ ಹಿಡಿಕೆ ತಿರುಗಿದ ಸದ್ದಾಯಿತು.

ಗಿರಿರಾಜ್ ಕೂಗಿಕೊಂಡು ಮುಂದೆ ನುಗ್ಗಿದರು, ಕಾಲು ಎಡವಿ ಗೋಡೆಗೆ ಬಿದ್ದರು. ಒಳಗಿನ ಸೋಸಿದ ಗಾಳಿ ಸೀಳಿನಿಂದ ವರಲಕ್ಷ್ಮಿಯ ಮುಖಕ್ಕೆ ತಣ್ಣಗೆ ಬಡಿಯಿತು. ಬಾಗಿಲು ಹೊರಕ್ಕೆ ಒತ್ತಿಬಂತು. ಆನಂದ್ ಮೈಭಾರವನ್ನೆಲ್ಲ ಬಿಟ್ಟು ತಳ್ಳುತ್ತಿದ್ದ. ಹೊರಗಿನ ಹಿಡಿಕೆ ಇನ್ನೂ ವರಲಕ್ಷ್ಮಿಯ ಮುಷ್ಟಿಯಲ್ಲಿತ್ತು. ಅವಳ ಆ ಒಂದು ಕೈ ಬಿಟ್ಟರೆ ಬಾಗಿಲನ್ನು ಹಿಡಿದಿಡಲು ಈಗ ಬೇರೆ ಏನೂ ಇರಲಿಲ್ಲ. ಬೆರಳುಗಳು ಒಂದೊಂದಾಗಿ ಸಡಿಲುತ್ತಿದ್ದವು. ಅವು ಸೋತು ಸಡಿಲುತ್ತಿವೆಯೋ, ತಾನೇ ಸಡಿಲಿಸುತ್ತಿದ್ದೇನೆಯೋ, ಅವಳಿಗೇ ತಿಳಿಯಲಿಲ್ಲ.